ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಸಂಪ್ರಬಂಧಕ್ಕೆ ನೆಚ್ಚುವಂಥ ಆಕರ ಎಲ್ಲಿದೆ?

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ವಿದ್ಯಾರ್ಥಿಗಳವು. ವಿಷಯ ಬೇರೆ ಬೇರೆ, ತೊಡಕು ಒಂದೇ: ಬರೆಯಲು ಬೇಕಾದಷ್ಟಿದೆ, ನಂಬಿ ಕೈಗೆತ್ತಿಕೊಳ್ಳುವ ಆಕರ ಸಿಗುತ್ತಿಲ್ಲ. ಗ್ರಂಥಪಾಲಕರು ಮತ್ತು ಸಂಶೋಧನಾ ಮಾರ್ಗದರ್ಶಕರ ಬಳಗ ಉತ್ತರಿಸಿದೆ.

ಸರ, ನಂದು ಬಿ.ಎ. ಕಡೀ ಸೆಮಿಸ್ಟರ್. ‘ಕಲಬುರಗಿ ಜಿಲ್ಲಾದಾಗ ತೊಗರಿ’ ಅಂತ ವಿಷಯ ತಗೊಂಡೀನಿ. ಇಂಟರ್‌ನೆಟ್‌ನಾಗ ಒಂದೊಂದು ಕಡಿ ಒಂದೊಂದು ಲೆಕ್ಕ ಅದ. ಖರೇ ಯಾವುದು ಅಂತ ಹ್ಯಾಂಗ ತಿಳೀಬೇಕ್ರಿ? ಗೈಡ್ ಮೇಡಂ ಬರೇ ‘ಮೂಲ ಎಲ್ಲದ’ ಅಂತ ಕೇಳಲತ್ಯಾರ.
– ವಿದ್ಯಾರ್ಥಿ, ಆಳಂದ

ನಿಮ್ಮ ಮೇಡಂ ಕೇಳುತ್ತಿರುವುದು ಸರಿಯಾದ ಪ್ರಶ್ನೆ. ಯಾವ ಅಂಕಿ ಕಂಡರೂ ಮೊದಲು ‘ಇದನ್ನು ಎಣಿಸಿದವರು ಯಾರು?’ ಎಂದು ಕೇಳಿಕೊಳ್ಳಿ. ನೀವು ನೋಡಿದ ಜಾಲತಾಣಗಳಲ್ಲಿ ಹೆಚ್ಚಿನವು ತಾವಾಗಿ ಏನನ್ನೂ ಎಣಿಸಿಲ್ಲ. ಇನ್ನೊಬ್ಬರು ಎಣಿಸಿದ್ದನ್ನು ಎತ್ತಿ ಹಾಕುವಾಗ ವರ್ಷ ಬಿಟ್ಟುಹೋಗಿರುತ್ತದೆ, ಇಲ್ಲವೇ ಎಕರೆ ಇದ್ದದ್ದು ಹೆಕ್ಟೇರ್ ಆಗಿರುತ್ತದೆ. ಒಂದು ಹೆಕ್ಟೇರಿಗೆ ಸುಮಾರು 2.47 ಎಕರೆ. ಆ ಒಂದು ಪದ ತಪ್ಪಿದರೆ ಲೆಕ್ಕ ಎರಡೂವರೆ ಪಟ್ಟು ಉಬ್ಬುತ್ತದೆ.

ತೊಗರಿಯ ವಿಸ್ತೀರ್ಣ, ಉತ್ಪಾದನೆ, ಇಳುವರಿ ಈ ಮೂರಕ್ಕೂ ನೀವು ಹೋಗಬೇಕಾದ ಜಾಗ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ. ಜಿಲ್ಲಾ ಮಟ್ಟದಲ್ಲಿ ಜಿಲ್ಲಾ ಸಂಖ್ಯಾ ಸಂಗ್ರಹಣಾಧಿಕಾರಿಗಳ ಕಚೇರಿ ಇದೆ. ಅಲ್ಲಿಂದ ‘ಜಿಲ್ಲಾ ಅಂಕಿ ಅಂಶಗಳ ನೋಟ’ ಹೊರಬರುತ್ತದೆ, ಅದರಲ್ಲಿ ತಾಲ್ಲೂಕುವಾರು ಕೋಷ್ಟಕಗಳಿರುತ್ತವೆ. ಕೋಷ್ಟಕ ಸಿಕ್ಕ ಕೂಡಲೇ ಬರೆದುಕೊಳ್ಳಬೇಡಿ. ಮೊದಲು ಅದರ ತಲೆಬರಹ, ಕೆಳಗಿನ ಟಿಪ್ಪಣಿ ಎರಡನ್ನೂ ಓದಿ. ಇಳುವರಿ ಎಂದು ಅಚ್ಚಾಗಿರುವುದು ಪ್ರತಿ ಹೊಲ ತೂಗಿ ಬಂದದ್ದಲ್ಲ. ಆಯ್ದ ಹೊಲಗಳಲ್ಲಿ ಅಳತೆಯ ಒಂದು ತುಂಡು ಗುರುತು ಮಾಡಿ, ಕೊಯ್ದು, ಬಡಿದು, ತೂಗುವ ‘ಬೆಳೆ ಕಟಾವು ಪ್ರಯೋಗ’ದಿಂದ ಕಟ್ಟಿದ ಅಂದಾಜು ಅದು. ಅಂದಾಜು ಎಂದಮಾತ್ರಕ್ಕೆ ಕಳಪೆಯಲ್ಲ, ಆದರೆ ನಿಮ್ಮ ಪ್ರಬಂಧದಲ್ಲಿ ಅದನ್ನು ಅಂದಾಜು ಎಂದೇ ಕರೆಯಬೇಕು.

ಅಂದಾಜಿನಲ್ಲೂ ಎರಡು ಬಗೆ: ಮುಂಗಡ ಅಂದಾಜು, ಅಂತಿಮ ಅಂದಾಜು. ತೊಗರಿ ಬಿತ್ತುವುದು ಜೂನ್–ಜುಲೈನಲ್ಲಿ, ರಾಶಿ ಮಾಡುವುದು ಡಿಸೆಂಬರ್–ಜನವರಿಯಲ್ಲಿ. ಹೀಗಿರುವಾಗ ಅಕ್ಟೋಬರ್ ತಿಂಗಳ ಸುದ್ದಿಯಲ್ಲಿ ಬಂದ ‘ಈ ವರ್ಷದ ಉತ್ಪಾದನೆ’ ಇನ್ನೂ ಹೊಲದಲ್ಲಿ ಹೂವಾಗಿ ನಿಂತಿರುವ ಬೆಳೆಯ ಲೆಕ್ಕ. ನೆಟೆ ರೋಗ ಬಂದರೆ, ಹೂ ಕಟ್ಟುವಾಗ ಮೋಡ ಕವಿದು ಹುಳ ಬಿದ್ದರೆ ಅದು ಬದಲಾಗುತ್ತದೆ. ಒಂದು ವರ್ಷಕ್ಕೆ ಮುಂಗಡ ಅಂದಾಜು, ಮತ್ತೊಂದು ವರ್ಷಕ್ಕೆ ಅಂತಿಮ ಅಂದಾಜು ಇಟ್ಟು ಹೋಲಿಸಿದರೆ ಬರುವ ಏರಿಳಿತ ಬೆಳೆಯದಲ್ಲ, ಆಕರದ್ದು. ಹತ್ತು ವರ್ಷದ ಪಟ್ಟಿ ಮಾಡುವುದಾದರೆ ಹತ್ತಕ್ಕೆ ಹತ್ತೂ ಅಂತಿಮವೇ ಇರಲಿ. ಕೊನೆಯ ವರ್ಷದ್ದು ಇನ್ನೂ ಅಂತಿಮವಾಗಿರದಿದ್ದರೆ ಹಾಗೆಂದು ಪಕ್ಕದಲ್ಲೇ ಬರೆಯಿರಿ. ‘2023-24’ ಎಂದರೆ ಯಾವ ವರ್ಷ ಎಂಬುದನ್ನೂ ನೋಡಿಕೊಳ್ಳಿ. ಕೃಷಿ ವರ್ಷ ಜುಲೈಯಿಂದ ಜೂನ್‌ವರೆಗೆ, ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ.

ಧಾರಣೆಗೆ ಕೃಷಿ ಮಾರಾಟ ವಾಹಿನಿ ಮತ್ತು ಕೇಂದ್ರದ ಅಗ್‌ಮಾರ್ಕ್‌ನೆಟ್ ಇವೆ. ಎಪಿಎಂಸಿ ಮಾರುಕಟ್ಟೆ, ದಿನ, ಕ್ವಿಂಟಲ್ ದರ ಎಲ್ಲವೂ ಸಿಗುತ್ತದೆ. ಅಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರಗಳಿರುತ್ತವೆ. ಮಾದರಿ ದರವನ್ನು ಸರಾಸರಿ ಎಂದು ಬರೆಯುವುದು ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು. ಆ ದಿನ ಹೆಚ್ಚು ಮಾಲು ಯಾವ ದರಕ್ಕೆ ಹೋಯಿತೋ ಅದು ಮಾದರಿ ದರ. ತೊಗರಿ ಕಾಳಿನ ದರವೋ, ತೊಗರಿ ಬೇಳೆಯ ದರವೋ ಎಂಬುದನ್ನೂ ನೋಡಿ. ರೈತ ಮಾರುವುದು ಕಾಳು, ಅಂಗಡಿಯಲ್ಲಿ ಸಿಗುವುದು ಬೇಳೆ. ಬೆಂಬಲ ಬೆಲೆ ಘೋಷಣೆಯಾಗುವುದೂ ಕಾಳಿಗೇ: 2023-24ಕ್ಕೆ ಕ್ವಿಂಟಲ್‌ಗೆ 7,000 ರೂ., 2024-25ಕ್ಕೆ 7,550 ರೂ., 2025-26ಕ್ಕೆ 8,000 ರೂ.

ತೊಗರಿಯ ಮೇಲೆ ಆಗಿರುವ ಸಂಶೋಧನೆ ಬೇಕಿದ್ದರೆ ‘ಕೃಷಿಕೋಶ’ ನೋಡಿ. ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳು ಅಲ್ಲಿರುತ್ತವೆ. ಎಲ್ಲರೂ ಹೇಳುವ, ಪಿಎಚ್.ಡಿ. ಪ್ರಬಂಧಗಳ ಜಾಲಭಂಡಾರ ‘ಶೋಧಗಂಗಾ’ದಲ್ಲಿ ಮಾತ್ರ ಹುಡುಕಿ, ಏನೂ ಇಲ್ಲ ಎಂದು ಕೈಬಿಡಬೇಡಿ. ಇನ್ನೊಂದು ಮಾತು: ರಾಯಚೂರು ಕೃಷಿ ವಿಶ್ವವಿದ್ಯಾಲಯ ಶುರುವಾದದ್ದು 2008ರ ಸುಮಾರಿಗೆ. ಅದಕ್ಕೂ ಮುಂಚೆ ಈ ಭಾಗದ ಕೃಷಿ ಸಂಶೋಧನೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಹೆಸರಿನಲ್ಲಿತ್ತು. ಹಾಗಾಗಿ ಹಳೆಯ ಪ್ರಬಂಧಗಳನ್ನು ಧಾರವಾಡದ ಪಟ್ಟಿಯಲ್ಲೇ, ‘ಗುಲ್ಬರ್ಗಾ’ ಎಂಬ ಕಾಗುಣಿತದಲ್ಲೇ ಹುಡುಕಿ. 2019ರಲ್ಲಿ ನಮ್ಮ ತೊಗರಿಗೆ ಬಂದ ಭೌಗೋಳಿಕ ಸೂಚಿಕೆ ಕೂಡ ‘ಗುಲ್ಬರ್ಗಾ ತೊಗರಿ ಬೇಳೆ’ ಎಂಬ ಹೆಸರಿನಲ್ಲೇ ದಾಖಲಾಗಿದೆ.

ಹೋಬಳಿ ಮಟ್ಟದ ಲೆಕ್ಕ ಬೇಕು, ಎಲ್ಲೂ ಅಚ್ಚಾಗಿಲ್ಲ ಎಂದಾದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ‘ತೊಗರಿ ಬಗ್ಗೆ ಎಲ್ಲ ಮಾಹಿತಿ ಕೊಡಿ’ ಎಂದು ಬರೆದರೆ ಅರ್ಜಿ ಹಿಂದಕ್ಕೆ ಬರುತ್ತದೆ. ‘ಇಂಥ ಹೋಬಳಿಯಲ್ಲಿ ಇಂಥ ವರ್ಷದಿಂದ ಇಂಥ ವರ್ಷದವರೆಗೆ ತೊಗರಿ ಬಿತ್ತಿದ ವಿಸ್ತೀರ್ಣ, ಹೆಕ್ಟೇರ್‌ಗಳಲ್ಲಿ’ ಎಂದು ಬರೆಯಿರಿ. 30 ದಿನ ಎಂದರೆ ಸೆಮಿಸ್ಟರಿನ ಮೊದಲ ವಾರದಲ್ಲೇ ಅರ್ಜಿ ಹೋಗಿರಬೇಕು.

2001 ಮತ್ತು 2011ರ ಜನಗಣತಿ ಹೋಲಿಸಿದರೆ ಗುಲ್ಬರ್ಗಾ ಜಿಲ್ಲೆಯ ಜನಸಂಖ್ಯೆ ಐದೂವರೆ ಲಕ್ಷಕ್ಕಿಂತ ಹೆಚ್ಚು ಇಳಿದಂತೆ ಕಾಣುತ್ತದೆ. ಗುಳೆ ಹೋದದ್ದೇ ಕಾರಣ ಎಂದು ಬರೆಯಬಹುದೇ? ಯಾದಗಿರಿಯ 2001ರ ಸಾಕ್ಷರತೆ ಎಲ್ಲಿ ಸಿಗುತ್ತದೆ?
– ಎಂ.ಎ. ಅರ್ಥಶಾಸ್ತ್ರದ ವಿದ್ಯಾರ್ಥಿನಿ, ಶಹಾಪುರ

ದಯವಿಟ್ಟು ಹಾಗೆ ಬರೆಯಬೇಡಿ. ಜನ ಎಲ್ಲೂ ಹೋಗಿಲ್ಲ, ಗಡಿ ಸರಿದಿದೆ. 2001ರಲ್ಲಿ 31,30,922 ಎಂದಿರುವುದು ಅವಿಭಜಿತ ಗುಲ್ಬರ್ಗಾ ಜಿಲ್ಲೆ. 2009ರ ಕೊನೆಯಲ್ಲಿ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಸೇರಿ ಯಾದಗಿರಿ ಜಿಲ್ಲೆಯಾದವು. 2011ರಲ್ಲಿ 25,66,326 ಎಂದಿರುವುದು ಉಳಿದ ಗುಲ್ಬರ್ಗಾ. ಯಾದಗಿರಿಯ 11,74,271 ಪ್ರತ್ಯೇಕ ಸಾಲಿನಲ್ಲಿದೆ. ಎರಡನ್ನೂ ಕೂಡಿಸಿದರೆ 37,40,597. ಅಂದರೆ ಹತ್ತು ವರ್ಷದಲ್ಲಿ ಜನಸಂಖ್ಯೆ 6,09,675 ಹೆಚ್ಚಿದೆ, ಶೇ 19.5ರಷ್ಟು. ಇಳಿಕೆ ಎಂದುಕೊಂಡದ್ದು ಏರಿಕೆ. ಗುಳೆ ನಮ್ಮ ಭಾಗದ ನಿಜವಾದ ಸಂಕಟ. ಅದನ್ನು ತೋರಿಸಲು ಜನಗಣತಿಯ ವಲಸೆ ಕೋಷ್ಟಕಗಳೇ ಬೇರೆ ಇವೆ, ಒಟ್ಟು ಜನಸಂಖ್ಯೆಯ ಸಾಲಿನಿಂದ ಅದನ್ನು ಹಿಂಡಿ ತೆಗೆಯಲಾಗದು.

ಯಾದಗಿರಿಯ 2001ರ ಅಂಕಿಯನ್ನು 2001ರ ಪುಸ್ತಕದಲ್ಲಿ ಹುಡುಕಿದರೆ ಸಿಗುವುದಿಲ್ಲ, ಆಗ ಆ ಜಿಲ್ಲೆಯೇ ಇರಲಿಲ್ಲ. ಎರಡು ದಾರಿ ಇವೆ. 2011ರ ಪ್ರಕಟಣೆಗಳಲ್ಲಿ ಹೊಸ ಗಡಿಗೆ ಹೊಂದಿಸಿ ಮರುಲೆಕ್ಕ ಹಾಕಿದ 2001ರ ಅಂಕಿಗಳನ್ನೂ ಕೊಟ್ಟಿದ್ದಾರೆ, ಅದು ಸುಲಭದ ದಾರಿ. ಇಲ್ಲವಾದರೆ 2001ರ ಮೂರು ತಾಲ್ಲೂಕುಗಳ ಪ್ರಾಥಮಿಕ ಜನಗಣತಿ ಸಾರ ತೆಗೆದು ನೀವೇ ಕೂಡಿಸಿ.

ಹಾಗೆ ಕೂಡಿಸುವಾಗ ಶೇಕಡಾಗಳನ್ನು ಕೂಡಿಸಿ ಭಾಗಿಸಬೇಡಿ. 2011ರದ್ದನ್ನೇ ನೋಡಿ: ಗುಲ್ಬರ್ಗಾದ ಸಾಕ್ಷರತೆ ಶೇ 64.85, ಯಾದಗಿರಿಯದು ಶೇ 51.83. ಕೂಡಿಸಿ ಎರಡರಿಂದ ಭಾಗಿಸಿದರೆ 58.34 ಬರುತ್ತದೆ, ಅದು ತಪ್ಪು. ಗುಲ್ಬರ್ಗಾದ ಜನ ಯಾದಗಿರಿಯ ಎರಡು ಪಟ್ಟಿಗಿಂತ ಹೆಚ್ಚು, ಆದ್ದರಿಂದ ಅದರ ತೂಕವೂ ಹೆಚ್ಚು. ಒಟ್ಟು ಜನಸಂಖ್ಯೆಯನ್ನೇ ತೂಕವಾಗಿ ಹಿಡಿದರೂ ಉತ್ತರ 60.8ರ ಹತ್ತಿರ ಬಂದು ನಿಲ್ಲುತ್ತದೆ. ಪಕ್ಕಾ ಲೆಕ್ಕಕ್ಕೆ ಎರಡೂ ಜಿಲ್ಲೆಗಳ ಸಾಕ್ಷರರ ಸಂಖ್ಯೆ ಕೂಡಿಸಿ, 7 ವರ್ಷ ಮತ್ತು ಮೇಲ್ಪಟ್ಟವರ ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. ಜನಗಣತಿಯ ಸಾಕ್ಷರತೆ ಎಂದರೆ 7 ವರ್ಷ ಮೇಲ್ಪಟ್ಟವರದ್ದು ಮಾತ್ರ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಜಿಲ್ಲಾ ಪತ್ರದಲ್ಲೂ ಸಾಕ್ಷರತೆ ಇದೆ, ಆದರೆ ಅಲ್ಲಿ ಮಹಿಳೆಯರ ಲೆಕ್ಕ 15ರಿಂದ 49 ವಯಸ್ಸಿನವರದ್ದು, ಅಳೆಯುವ ರೀತಿಯೂ ಬೇರೆ. ಅದನ್ನು 2011ರ ಮುಂದಿನ ಮೆಟ್ಟಿಲು ಎಂಬಂತೆ ಒಂದೇ ರೇಖಾಚಿತ್ರದಲ್ಲಿ ಜೋಡಿಸಿದರೆ ಚಿತ್ರ ಚೆಂದ ಕಾಣುತ್ತದೆ, ಅರ್ಥ ಇರುವುದಿಲ್ಲ.

ಇದೇ ಗಡಿಯ ತೊಡಕು ತಾಲ್ಲೂಕಿಗೂ ಇದೆ. ಹುಣಸಗಿ, ವಡಗೇರಾ, ಗುರುಮಠಕಲ್; ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ; ಬೀದರ್ ಕಡೆ ಹುಲಸೂರು, ಚಿಟಗುಪ್ಪ, ಕಮಲನಗರ. ಇವೆಲ್ಲ 2011ರ ನಂತರ ತಾಲ್ಲೂಕುಗಳಾದವು, ಆ ಜನಗಣತಿಯಲ್ಲಿ ತಾಲ್ಲೂಕಿನ ಸಾಲಿನಲ್ಲಿ ಇರುವುದಿಲ್ಲ. ಹಳ್ಳಿವಾರು ಪಟ್ಟಿ ತೆಗೆದು ಕೂಡಿಸಬೇಕು. ಒಂದೇ ಹೆಸರಿನ ಹಳ್ಳಿಗಳು ನಮ್ಮಲ್ಲಿ ಬೇಕಾದಷ್ಟಿವೆ, ಹೆಸರಿನ ಜೊತೆಗೆ 2011ರ 6 ಅಂಕಿಯ ಹಳ್ಳಿ ಕೋಡನ್ನೂ ಬರೆದಿಟ್ಟುಕೊಳ್ಳಿ.

ಕೊನೆಗೆ ಒಂದು ಎಚ್ಚರಿಕೆ. ‘ಯಾದಗಿರಿ ಜನಸಂಖ್ಯೆ 2021’, ‘2024’ ಎಂದು ಪುಟ ತೆರೆದಿಟ್ಟ ಜಾಲತಾಣಗಳಿವೆ. 2021ರಲ್ಲಿ ಜನಗಣತಿ ನಡೆಯಲೇ ಇಲ್ಲ. ಅಲ್ಲಿರುವುದು ಹಳೆಯ ಬೆಳವಣಿಗೆ ದರ ಹಿಡಿದು ಮುಂದಕ್ಕೆ ಎಳೆದ ಅಂದಾಜು. ಅದನ್ನು ಜನಗಣತಿ ಎಂದು ಅಡಿಟಿಪ್ಪಣಿಯಲ್ಲಿ ಹಾಕಿದರೆ ಮೌಖಿಕ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಯೇ ಅದಾಗುತ್ತದೆ.

ಬಹಮನಿ ರಾಜಧಾನಿ ಕಲಬುರಗಿಯಿಂದ ಬೀದರ್‌ಗೆ ಹೋದದ್ದು ಒಂದು ಪುಸ್ತಕದಲ್ಲಿ 1424, ಇನ್ನೊಂದರಲ್ಲಿ 1429 ಎಂದಿದೆ. ಯಾವುದನ್ನು ಹಾಕಲಿ?
– ಇತಿಹಾಸ ವಿದ್ಯಾರ್ಥಿ, ಬೀದರ್

ಆರಿಸಿಕೊಳ್ಳುವ ಅವಸರ ಬೇಡ. ಇಬ್ಬರೂ ಒಂದೇ ಘಟನೆಗೆ ವರ್ಷ ಹೇಳುತ್ತಿದ್ದಾರೆಯೇ ಎಂದು ಮೊದಲು ನೋಡಿ. ಅರಸ ಅಲ್ಲಿಗೆ ಹೋಗಿ ನೆಲೆ ನಿಂತದ್ದು, ಕೋಟೆ ಕಟ್ಟಲು ಕೈಹಾಕಿದ್ದು, ಕೋಟೆ ಮುಗಿದದ್ದು ಇವು ಮೂರು ಬೇರೆ ಸಂಗತಿಗಳು, ವರ್ಷಗಳೂ ಬೇರೆ. ರಾಜಧಾನಿ ಬದಲಿಸಿದ ಒಂದನೆಯ ಅಹಮದ್ ಶಾ ಆಳಿದ್ದು 1422ರಿಂದ 1436ರವರೆಗೆ, ಮೂರೂ ಆ ಅವಧಿಯಲ್ಲೇ ಅಡಗುತ್ತವೆ.

ಆಮೇಲೆ ಇಬ್ಬರೂ ಯಾರನ್ನು ಆಧರಿಸಿದ್ದಾರೆ ನೋಡಿ. ಹೆಚ್ಚಿನ ಪುಸ್ತಕಗಳು ಕೊನೆಗೆ ಬಂದು ಮುಟ್ಟುವುದು ಫಿರಿಶ್ತಾನ ಪರ್ಶಿಯನ್ ಚರಿತ್ರೆಯನ್ನು. ಆತ ಬಿಜಾಪುರದ ಆಸ್ಥಾನದಲ್ಲಿ ಕೂತು ಬರೆದದ್ದು 17ನೇ ಶತಮಾನದ ಆರಂಭದಲ್ಲಿ, ಅಂದರೆ ಘಟನೆಯ ಸುಮಾರು 180 ವರ್ಷ ನಂತರ. ಹತ್ತು ಪುಸ್ತಕಗಳು ಅವನನ್ನೇ ಆಧರಿಸಿ ಒಂದೇ ವರ್ಷ ಹೇಳಿದರೆ ಅದು ಹತ್ತು ಸಾಕ್ಷಿ ಅಲ್ಲ, ಒಂದೇ ಸಾಕ್ಷಿ. ಕಟ್ಟಡದ ಮೇಲಿನ ಶಾಸನ ಆ ಕಾಲದ್ದೇ ಕೈಬರಹ, ಅದಕ್ಕೆ ಹೆಚ್ಚು ಬೆಲೆ. ಬೀದರ್‌ನ ಕಟ್ಟಡಗಳಿಗೆ ಗುಲಾಂ ಯಜ್ದಾನಿ ಅವರ 1947ರ ಇಂಗ್ಲಿಷ್ ಗ್ರಂಥ ಇಂದಿಗೂ ಮೊದಲು ತೆರೆಯಬೇಕಾದದ್ದು. ಅವರು ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ ನಡೆಸಿದವರು. ಪರ್ಶಿಯನ್, ಅರಬ್ಬಿ ಶಾಸನಗಳಿಗೆ ‘ಎಪಿಗ್ರಾಫಿಯಾ ಇಂಡೋ-ಮೊಸ್ಲೆಮಿಕಾ’ ಸಂಪುಟಗಳು, 1951ರಿಂದ ಈಚೆಗೆ ‘ಎಪಿಗ್ರಾಫಿಯಾ ಇಂಡಿಕಾ’ದ ಅರಬ್ಬಿ–ಪರ್ಶಿಯನ್ ಪುರವಣಿ ಇವೆ. ಕನ್ನಡ ಶಾಸನಗಳಿಗಾಗಿ ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ತಿರುವಿ ಹಾಕುವ ವಿದ್ಯಾರ್ಥಿಗಳು ಬರಿಗೈಲಿ ಬರುತ್ತಾರೆ. ಅದು ಹಳೆ ಮೈಸೂರು ಸಂಸ್ಥಾನದ ಶಾಸನಗಳ ಕೆಲಸ, ನಮ್ಮದು 1956ರವರೆಗೆ ಹೈದರಾಬಾದ್ ರಾಜ್ಯ. ‘ಹೈದರಾಬಾದ್ ಆರ್ಕಿಯಲಾಜಿಕಲ್ ಸೀರೀಸ್’ ನೋಡಿ.

ಒಂದೆರಡು ವರ್ಷದ ವ್ಯತ್ಯಾಸ ಎಷ್ಟೋ ಸಲ ಪಂಚಾಂಗದ್ದು. ಹಿಜರಿ ವರ್ಷ ಚಾಂದ್ರಮಾನದ್ದು, ನಮ್ಮ ವರ್ಷಕ್ಕಿಂತ ಸುಮಾರು 11 ದಿನ ಗಿಡ್ಡ. ಹಿಜರಿ ಸಂಖ್ಯೆಯನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಕ್ರಿಸ್ತಶಕ ಹತ್ತಿರ ಹತ್ತಿರ ಬರುತ್ತದೆ. ಬಹಮನಿ ರಾಜ್ಯ ಹುಟ್ಟಿದ ಹಿಜರಿ 748ಕ್ಕೆ ಹೀಗೆ ಮಾಡಿದರೆ 1347 ಸಿಗುತ್ತದೆ. ಆದರೆ ಹಿಜರಿ 832 ಎಂದರೆ 1428ರ ಅಕ್ಟೋಬರ್‌ನಿಂದ 1429ರ ಸೆಪ್ಟೆಂಬರ್‌ವರೆಗೆ. ತಿಂಗಳು ಗೊತ್ತಿಲ್ಲದಿದ್ದರೆ ‘1428-29’ ಎಂದೇ ಬರೆಯಬೇಕು. ಶಕವರ್ಷಕ್ಕೆ 78 ಕೂಡಿಸಿ. ನಿಜಾಮರ ಕಾಲದ ಕಂದಾಯ ಕಾಗದಗಳಲ್ಲಿ ಫಸಲಿ ವರ್ಷ ಇರುತ್ತದೆ, ಅದಕ್ಕೆ 590 ಕೂಡಿಸಿ: 1357 ಫಸಲಿ ಎಂದರೆ 1947-48.

ಇಷ್ಟೆಲ್ಲ ನೋಡಿಯೂ ಎರಡು ವರ್ಷ ಉಳಿದರೆ ಪಠ್ಯದಲ್ಲಿ ಎರಡನ್ನೂ ಬರೆದು, ಯಾವುದು ಯಾರ ಆಧಾರದಿಂದ ಎಂದು ಅಡಿಟಿಪ್ಪಣಿ ಹಾಕಿ. ಅದು ನಿಮ್ಮ ಕೊರತೆಯಾಗುವುದಿಲ್ಲ. ಪರೀಕ್ಷಕರು ಮೆಚ್ಚುವುದೇ ಅಂಥ ಜಾಗವನ್ನು.

ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ಸ್ಪರ್ಧಾತ್ಮಕ ಪರೀಕ್ಷೆಯ ನೋಟ್ಸ್ ಬಿಟ್ಟು ಬೇರೇನೂ ಬರುವುದಿಲ್ಲ. ಕನ್ನಡದಲ್ಲಿ ಸಂಶೋಧನೆಯೇ ಆಗಿಲ್ಲವೇ?
– ವಿದ್ಯಾರ್ಥಿನಿ, ಚಿತ್ತಾಪುರ

ಆಗಿದೆ, ರಾಶಿ ರಾಶಿ ಆಗಿದೆ. ಹುಡುಕುಯಂತ್ರದ ಕಣ್ಣಿಗೆ ಬೀಳುತ್ತಿಲ್ಲ ಅಷ್ಟೇ. ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಅಕ್ಷರ. ಬಹಳ ಕಾಲ ಕನ್ನಡ ಪ್ರಬಂಧಗಳನ್ನು ಯೂನಿಕೋಡ್ ಅಲ್ಲದ ನುಡಿ, ಬರಹ, ಶ್ರೀಲಿಪಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ್ದಾರೆ. ಪಿಡಿಎಫ್‌ನಿಂದ ಒಂದು ಸಾಲು ನಕಲು ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ ನೋಡಿ. ಕನ್ನಡದ ಬದಲು ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ರೋಮನ್ ಅಕ್ಷರಗಳೂ ನಡುನಡುವೆ ಪೌಂಡ್ ಚಿಹ್ನೆಯೂ ಬಂದರೆ ಅದು ಹಳೆಯ ನುಡಿ. ಯಂತ್ರಕ್ಕೆ ಅದು ಕನ್ನಡವೇ ಅಲ್ಲ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ, ಆದರೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಮೂಲದ ಜೊತೆ ಇಟ್ಟು ನೋಡದೆ ಉದ್ಧರಿಸಬೇಡಿ. ಸ್ಕ್ಯಾನ್ ಮಾಡಿದ ಪುಸ್ತಕವಾದರೆ ಅಕ್ಷರವೇ ಇಲ್ಲ, ಬರೀ ಚಿತ್ರ. ಹಾಗಾಗಿ ಒಳಗಿನ ಮಾತು ಹುಡುಕಬೇಡಿ, ಶೀರ್ಷಿಕೆಯಿಂದ, ಲೇಖಕರಿಂದ ಹುಡುಕಿ. ಶೋಧಗಂಗಾದಲ್ಲಿ ಎಷ್ಟೋ ಕನ್ನಡ ಪ್ರಬಂಧಗಳ ಶೀರ್ಷಿಕೆ ಇಂಗ್ಲಿಷ್ ಅಕ್ಷರದಲ್ಲಿ ದಾಖಲಾಗಿದೆ.

ಎರಡನೆಯದು ಕಾಗುಣಿತ. ಕಲಬುರಗಿ, ಕಲಬುರ್ಗಿ, ಗುಲ್ಬರ್ಗಾ, ಗುಲಬರ್ಗಾ ನಾಲ್ಕನ್ನೂ ಹಾಕಿ. ಸುರಪುರ ಇಂಗ್ಲಿಷ್ ದಾಖಲೆಗಳಲ್ಲಿ ‘ಶೋರಾಪುರ’, ಸೇಡಂ ಕೆಲವೆಡೆ ‘ಸೇರಂ’. ಊರಿನ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು, ‘ಹೈದರಾಬಾದ್ ಕರ್ನಾಟಕ’ ಹೋಗಿ ‘ಕಲ್ಯಾಣ ಕರ್ನಾಟಕ’ ಬಂದದ್ದು 2019ರಲ್ಲಿ. ಪ್ರಾದೇಶಿಕ ಅಸಮತೋಲನ ಕುರಿತ 2002ರ ನಂಜುಂಡಪ್ಪ ಸಮಿತಿ ವರದಿಯನ್ನು ‘ಕಲ್ಯಾಣ ಕರ್ನಾಟಕ’ ಎಂದು ಹುಡುಕಿದರೆ ಮೂಲ ಸಿಗುವುದಿಲ್ಲ, ಆ ಹೆಸರು ಹಾಕಿಕೊಂಡ ಈಚಿನ ಲೇಖನಗಳಷ್ಟೇ ಸಿಗುತ್ತವೆ.

ಶೋಧಗಂಗಾದಲ್ಲಿ ವಿಶ್ವವಿದ್ಯಾಲಯ, ವಿಭಾಗ ಎಂದು ಇಳಿಯಿರಿ. ಗುಲಬರ್ಗಾ ವಿಶ್ವವಿದ್ಯಾಲಯ ಶುರುವಾದದ್ದು 1980ರಲ್ಲಿ, ಅದಕ್ಕೆ ಮುಂಚಿನ ಕೆಲಸ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪಟ್ಟಿಯಲ್ಲಿರುತ್ತದೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ್ದೂ ನೋಡಿ. ಪ್ರಬಂಧ ಸಿಕ್ಕರೆ ಮೊದಲು ತೆರೆಯಬೇಕಾದದ್ದು ಕಡೆಯ ಕಡತ, ಗ್ರಂಥಸೂಚಿ. ಒಳ್ಳೆಯ ಪ್ರಬಂಧದ ಗ್ರಂಥಸೂಚಿ ಒಬ್ಬ ಸಂಶೋಧಕ ವರ್ಷಗಟ್ಟಲೆ ಅಲೆದು ಮಾಡಿಟ್ಟ ದಾರಿ. ಆ ಪಟ್ಟಿ ಹಿಡಿದು ಮೂಲಕ್ಕೆ ಹೋಗಿ. ಪ್ರಬಂಧದಲ್ಲಿ ಓದಿ, ತಾವು ಮೂಲವನ್ನೇ ಓದಿದಂತೆ ಅಡಿಟಿಪ್ಪಣಿ ಹಾಕುವುದು ಮಾತ್ರ ಬೇಡ. ಅಲ್ಲಿ ಪುಟಸಂಖ್ಯೆ ತಪ್ಪಿದ್ದರೆ ಅದೇ ತಪ್ಪು ನಿಮ್ಮಲ್ಲೂ ಬಂದು, ಎಲ್ಲಿಂದ ಎತ್ತಿದಿರಿ ಎಂದು ತಾನೇ ಹೇಳುತ್ತದೆ.

ಎಐ ಕೇಳಿದಾಗ ಎಂಟು ಲೇಖನಗಳ ಪಟ್ಟಿ ಕೊಟ್ಟಿತು. ಐದು ಎಲ್ಲೂ ಸಿಗುತ್ತಿಲ್ಲ.
– ಬಿ.ಕಾಂ. ವಿದ್ಯಾರ್ಥಿ, ಸೇಡಂ

ಸಿಗುವುದೂ ಇಲ್ಲ, ಅವು ಬರೆದೇ ಇಲ್ಲದ ಲೇಖನಗಳಿರಬೇಕು. ನಿಜವಾದ ಲೇಖಕ, ನಿಜವಾದ ಪತ್ರಿಕೆ ಎರಡನ್ನೂ ಜೋಡಿಸಿ ನಡುವೆ ಇಲ್ಲದ ಶೀರ್ಷಿಕೆ ಕೂರಿಸುವುದು ಆ ಯಂತ್ರಗಳ ತಪ್ಪಿನ ರೀತಿ, ಅದಕ್ಕೇ ನೋಡಲು ನಿಜದಂತೆಯೇ ಇರುತ್ತದೆ. ಸಿಕ್ಕ ಮೂರನ್ನೂ ಪರೀಕ್ಷಿಸಿ. ಲೇಖನದ ಕಾಯಂ ಗುರುತಾದ, 10 ಎಂದು ಶುರುವಾಗುವ ಡಿಒಐ ಸಂಖ್ಯೆ ಇದ್ದರೆ ಡಿಒಐ ಡಾಟ್ ಆರ್ಗ್‌ನಲ್ಲಿ ಹಾಕಿ. ತೆರೆದ ಪುಟದ ಶೀರ್ಷಿಕೆ ನಿಮ್ಮ ಪಟ್ಟಿಯದೇ ಆಗಿರಬೇಕು, ಎಷ್ಟೋ ಸಲ ಸಂಖ್ಯೆ ಬೇರೊಂದು ಲೇಖನದ್ದಾಗಿರುತ್ತದೆ. ಡಿಒಐ ಇಲ್ಲದಿದ್ದರೆ ಆ ಪತ್ರಿಕೆಯ ಆ ಸಂಪುಟ, ಆ ಸಂಚಿಕೆಯ ಪರಿವಿಡಿ ತೆರೆದು ಪುಟಸಂಖ್ಯೆ ತಾಳೆ ನೋಡಿ. ಲೇಖನ ಇದೆ ಎಂದಾದ ಮೇಲೂ ಅದರಲ್ಲಿ ಎಐ ಹೇಳಿದ ಮಾತು ಇದೆಯೇ ಎಂದು ಓದಿ ನೋಡುವುದು ಬಾಕಿ ಇದೆ. ನೀವು ತೆರೆದು ಓದದ ಒಂದು ಆಕರವೂ ಪಟ್ಟಿಯಲ್ಲಿ ಇರಬಾರದು.

ಲೇಖನ ಓದಲು ಹೋದರೆ ಎರಡು–ಮೂರು ಸಾವಿರ ರೂಪಾಯಿ ಕೇಳುತ್ತದೆ. ಬಡ ಮಕ್ಕಳು ಏನು ಮಾಡಬೇಕು?
– ಎಂ.ಎಸ್ಸಿ. ವಿದ್ಯಾರ್ಥಿನಿ, ಕಲಬುರಗಿ

ದುಡ್ಡು ಕಟ್ಟಬೇಡಿ. ಸರ್ಕಾರಿ ವಿಶ್ವವಿದ್ಯಾಲಯ, ಸರ್ಕಾರಿ ಕಾಲೇಜುಗಳಿಗಾಗಿ ಕೇಂದ್ರ ಸರ್ಕಾರ ‘ಒಂದು ದೇಶ ಒಂದು ಚಂದಾ’ ಯೋಜನೆ ತಂದಿದೆ. 2025ರ ಜನವರಿ 1ರಿಂದ ನಡೆಯುತ್ತಿದೆ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ಅದರಲ್ಲಿವೆ, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದ್ದಾರೆ. ನಿಮ್ಮ ಪಾಲಿನ ಹಣ ಆಗಲೇ ಸಂದಿದೆ ಎಂದು ತಿಳಿಯಿರಿ. ಕ್ಯಾಂಪಸ್‌ನ ಇಂಟರ್‌ನೆಟ್‌ನಲ್ಲಿ ತೆರೆದು ನೋಡಿ. ಮನೆಯಿಂದ ಓದಲು ಬೇಕಾದ ಲಾಗಿನ್ ಗ್ರಂಥಪಾಲಕರಿಂದ ಬರಬೇಕು. ಗ್ರಂಥಾಲಯಕ್ಕೆ ಹೋಗಿ, ಹೆಸರು, ನೋಂದಣಿ ಸಂಖ್ಯೆ, ಕಾಲೇಜಿನ ಇಮೇಲ್ ಕೊಟ್ಟು ಕೇಳಿ. ಕೇಳುವ ವಿದ್ಯಾರ್ಥಿಗಳು ಕಡಿಮೆ ಎಂದೇ ಎಷ್ಟೋ ಕಡೆ ಲಾಗಿನ್‌ಗಳು ಬಳಕೆಯಾಗದೆ ಬಿದ್ದಿರುತ್ತವೆ.

ಖಾಸಗಿ ಕಾಲೇಜಿನವರು, ಕಾಲೇಜುಗಳಿಗೆ ಇ-ಪತ್ರಿಕೆ, ಇ-ಪುಸ್ತಕ ಒದಗಿಸುವ ಎನ್-ಲಿಸ್ಟ್‌ನ ಸದಸ್ಯತ್ವ ಇದೆಯೇ ಕೇಳಿ. ಅದೂ ಇಲ್ಲದಿದ್ದರೆ ಗೂಗಲ್ ಸ್ಕಾಲರ್‌ನಲ್ಲಿ ಶೀರ್ಷಿಕೆಯ ಕೆಳಗಿರುವ ‘ಎಲ್ಲ ಆವೃತ್ತಿಗಳು’ ಎಂಬ ಕೊಂಡಿ ಒತ್ತಿ. ಲೇಖಕರು ತಮ್ಮ ಸಂಸ್ಥೆಯ ತಾಣದಲ್ಲಿ ಉಚಿತವಾಗಿ ಇಟ್ಟ ಪ್ರತಿ ಅಲ್ಲಿರಬಹುದು. ಜೆಸ್ಟೋರ್ ಎಂಬ ಲೇಖನ ಭಂಡಾರದಲ್ಲಿ ಉಚಿತ ಖಾತೆ ತೆರೆದರೆ ತಿಂಗಳಿಗೆ 100 ಲೇಖನ ಆನ್‌ಲೈನ್‌ನಲ್ಲಿ ಓದಬಹುದು. ಲೇಖಕರಿಗೇ ನಾಲ್ಕು ಸಾಲಿನ ಇಮೇಲ್ ಬರೆದು ಪ್ರತಿ ಕೇಳುವುದೂ ಉಂಟು, ತಮ್ಮ ಲೇಖನ ಓದುವವರಿದ್ದಾರೆ ಎಂದರೆ ಬಹಳ ಮಂದಿ ಸಂತೋಷದಿಂದ ಕಳಿಸುತ್ತಾರೆ.

‘ಐಎಸ್‌ಎಸ್‌ಎನ್ ಇದೆ, ಯುಜಿಸಿ ಮಾನ್ಯ’ ಎಂದು ಹೇಳುವ ಪತ್ರಿಕೆಯ ಲೇಖನ ಆಧಾರವಾಗಿ ಹಾಕಬಹುದೇ?
– ವಿದ್ಯಾರ್ಥಿ, ಹುಮನಾಬಾದ್

ಐಎಸ್‌ಎಸ್‌ಎನ್ ಎಂಟು ಅಂಕಿಯ ಗುರುತಿನ ಸಂಖ್ಯೆ ಮಾತ್ರ. ನಮ್ಮ ದೇಶದಲ್ಲಿ ಅರ್ಜಿ ಹಾಕಿದರೆ ಉಚಿತವಾಗಿ ಸಿಗುತ್ತದೆ, ಲೇಖನದ ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ. ಮಾನ್ಯ ಪತ್ರಿಕೆಗಳ ಯುಜಿಸಿ-ಕೇರ್ ಪಟ್ಟಿಯನ್ನು ಯುಜಿಸಿ 2025ರ ಫೆಬ್ರುವರಿಯಲ್ಲಿ ಕೈಬಿಟ್ಟಿದೆ, ಆದ್ದರಿಂದ ಇವತ್ತು ‘ಯುಜಿಸಿ ಪಟ್ಟಿಯಲ್ಲಿದೆ’ ಎಂದು ಸಾರುವುದೇ ಅನುಮಾನಕ್ಕೆ ಎಡೆ. ಕೃಷಿ, ಕನ್ನಡ, ಔಷಧ, ವಾಣಿಜ್ಯ ಎಲ್ಲವನ್ನೂ ಒಂದೇ ಸಂಚಿಕೆಯಲ್ಲಿ ತುಂಬಿ, ಮೂರು ದಿನದಲ್ಲಿ ಪ್ರಕಟಿಸುತ್ತೇವೆ ಎನ್ನುವ ಪತ್ರಿಕೆಯಲ್ಲಿ ಲೇಖನವನ್ನು ಯಾರೂ ತಿದ್ದಿ ನೋಡಿರುವುದಿಲ್ಲ. ಹಾಗಂತ ಅಲ್ಲಿನದೆಲ್ಲ ಸುಳ್ಳಲ್ಲ. ಲೇಖನದ ಕೊನೆಯ ಪಟ್ಟಿ ನೋಡಿ, ಅಲ್ಲಿಂದ ಮೂಲಕ್ಕೆ ಹೋಗಿ, ಮೂಲವನ್ನೇ ಉದ್ಧರಿಸಿ.

ಬಸವಣ್ಣನವರ ವಚನಗಳನ್ನು ವಾಟ್ಸ್‌ಆ್ಯಪ್‌ನಿಂದ ತೆಗೆದುಕೊಂಡಿದ್ದೆ. ಗೈಡ್ ಒಪ್ಪಲಿಲ್ಲ.
– ವಿದ್ಯಾರ್ಥಿನಿ, ಬಸವಕಲ್ಯಾಣ

ಒಪ್ಪದ್ದು ಒಳ್ಳೆಯದಾಯಿತು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ‘ಸಮಗ್ರ ವಚನ ಸಂಪುಟ’ 15 ಸಂಪುಟಗಳಲ್ಲಿ 1993ರಲ್ಲಿ ಬಂತು. ಮೊದಲ ಸಂಪುಟ ಬಸವಣ್ಣನವರದ್ದು. ಹುಡುಕಲು ‘ವಚನ ಸಂಚಯ’ ಜಾಲತಾಣ ಬಳಸಿ, ಉದ್ಧರಿಸಲು ಅಚ್ಚಿನ ಸಂಪುಟ, ಅದರ ವಚನ ಸಂಖ್ಯೆ ಕೊಡಿ. ಅಂಕಿತ ನೋಡುವುದನ್ನು ಮರೆಯಬೇಡಿ. ‘ಕಾಯಕವೇ ಕೈಲಾಸ’ ಎಂಬ ಮಾತನ್ನು ಬಸವಣ್ಣನವರದ್ದೆಂದು ಗೋಡೆ ಗೋಡೆಯ ಮೇಲೆ ಬರೆದಿರುತ್ತಾರೆ, ಅದು ಬರುವುದು ‘ಅಮರೇಶ್ವರಲಿಂಗ’ ಅಂಕಿತದ ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ.

ಬಿದರಿ ಕೆಲಸದವರನ್ನು ಮಾತಾಡಿಸಿ ಬರೆದರೆ ಅದು ಆಕರ ಆಗುತ್ತದೆಯೇ?
– ವಿದ್ಯಾರ್ಥಿ, ಬೀದರ್

ಖಂಡಿತ ಆಗುತ್ತದೆ, ಅದೂ ಮೊದಲ ದರ್ಜೆಯ ಆಕರ. ಆದರೆ ಯಾವುದಕ್ಕೆ ಎಂಬುದು ಮುಖ್ಯ. ಸತುವಿಗೆ ತಾಮ್ರ ಎಷ್ಟು ಹಾಕುತ್ತಾರೆ, ಕೋಟೆಯ ಮಣ್ಣನ್ನು ಹೇಗೆ ಆರಿಸುತ್ತಾರೆ, ಕಪ್ಪು ಸರಿಯಾಗಿ ಏರದಿದ್ದರೆ ಏನು ಕಾರಣ ಹೇಳುತ್ತಾರೆ, ಇವಕ್ಕೆ ದಿನವೂ ಕೈಯಾಡಿಸುವವರಿಗಿಂತ ಬೇರೆ ಸಾಕ್ಷಿ ಬೇಡ. ಈ ಕಲೆ ಇಲ್ಲಿಗೆ ಯಾವ ಸುಲ್ತಾನರ ಕಾಲದಲ್ಲಿ ಬಂತು ಎಂದು ಅವರು ಹೇಳಿದರೆ ಅದು ಮನೆತನದ ನೆನಪು. ನೆನಪು ಎಂದೇ ದಾಖಲಿಸಿ, ವರ್ಷಕ್ಕೆ ಬೇರೆ ಆಧಾರ ಹುಡುಕಿ. ಮಾತಾಡುವಾಗ ಪ್ರತಿ ಸಂಗತಿಗೂ ‘ನೀವು ಕಣ್ಣಾರೆ ನೋಡಿದ್ದೋ, ಹಿರಿಯರು ಹೇಳಿದ್ದೋ?’ ಎಂದು ಕೇಳಿ ಪಕ್ಕದಲ್ಲಿ ಗುರುತು ಮಾಡಿ. ಧ್ವನಿಮುದ್ರಣ ಶುರುವಾದಾಗಲೇ ದಿನಾಂಕ, ಊರು, ಅವರ ವಯಸ್ಸು, ಎಷ್ಟು ವರ್ಷದಿಂದ ಕೆಲಸದಲ್ಲಿದ್ದಾರೆ, ಹೆಸರು ಹಾಕಲು ಒಪ್ಪಿಗೆ ಇದೆಯೇ ಎಂಬುದು ಅವರದೇ ದನಿಯಲ್ಲಿ ಇರಲಿ. ಮಾತು ದಖ್ಖನಿ ಉರ್ದುವಿನಲ್ಲಿ ನಡೆದರೆ ಕಸುಬಿನ ಪದಗಳನ್ನು ಅವರು ಹೇಳಿದಂತೆಯೇ ಕನ್ನಡ ಲಿಪಿಯಲ್ಲಿ ಬರೆದು, ಅರ್ಥವನ್ನು ಪಕ್ಕದಲ್ಲಿ ಕೊಡಿ. ಬರೆದಾದ ಮೇಲೆ ಅವರ ಭಾಗವನ್ನು ಒಮ್ಮೆ ಓದಿ ಹೇಳಿ. ಮಿಶ್ರಣದ ಪ್ರಮಾಣ, ಉಪಕರಣದ ಹೆಸರು ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ.